ಕಂಪ್ಯೂಟರ್ ಒಳಗಿನ ದನಿಯನ್ನು ಹಿಡಿಯುವುದು ಹೇಗೆ?

ಕಳೆದ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಸಂಘದವರು ಒಂದು ಕೆಲಸ ಹಚ್ಚಿಕೊಂಡಿದ್ದೆವು. ನಮ್ಮ ಜೊತೆ ಓದುವ ಒಬ್ಬಳ ಅಜ್ಜಿ ಹಾವೇರಿ ಕಡೆಯವರು. ಬೀಸುವ ಕಲ್ಲಿನ ಪದಗಳು ಅವರಿಗೆ ಬಾಯಲ್ಲೇ ಇವೆ, ಎಲ್ಲೂ ಬರೆದಿಟ್ಟಿಲ್ಲ. ಊರಿಗೆ ಹೋಗಿ ಬರೋಣ ಅಂದರೆ ಇಂಟರ್ನಲ್ಸ್ ಬಿಡಲಿಲ್ಲ. ಸರಿ, ವಿಡಿಯೋ ಕಾಲ್‌ನಲ್ಲೇ ಹಾಡಿಸಿ ರೆಕಾರ್ಡ್ ಮಾಡ್ಕೊಳ್ಳೋಣ ಅಂತ ಸಂಘದ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್ ಸುತ್ತ ಕೂತೆವು. ಕೋಣೆಯಲ್ಲಿ ಪ್ರತಿಧ್ವನಿ ಬರಬಾರದು ಅಂತ ಬಹಳ ಬುದ್ಧಿವಂತಿಕೆ ಮಾಡಿ ಹೆಡ್‌ಫೋನ್ ಹಾಕಿಕೊಂಡೆವು. ಆಡಾಸಿಟಿ ತೆರೆದು ಕೆಂಪು ಗುಂಡಿ ಒತ್ತಿದೆವು. ಪರದೆಯ ಮೇಲೆ ಅಲೆಯ ಗೆರೆ ಓಡುತ್ತಿತ್ತು. ಅಜ್ಜಿ 40 ನಿಮಿಷದಲ್ಲಿ ಆರು ಪದ ಹಾಡಿದರು.

ಮುಗಿದ ಮೇಲೆ ಹಾಕಿ ಕೇಳಿದರೆ ಫ್ಯಾನಿನ ಗುಂಯ್ ಸದ್ದು, ನಮ್ಮದೇ ಪಿಸುಮಾತು, ನಡುವೆ ಯಾರೋ ಚಿಪ್ಸ್ ಪ್ಯಾಕೆಟ್ ಹರಿದ ಶಬ್ದ. ಅಜ್ಜಿಯ ದನಿ ಒಂದಕ್ಷರವೂ ಇರಲಿಲ್ಲ.

ಫೋನ್ ಮಾಡಿ ತಪ್ಪಾಯ್ತು ಅಂದಾಗ ಅಜ್ಜಿ ನಕ್ಕರು. "ಹೋಗ್ಲಿ ಬಿಡ್ರಿ, ಮತ್ತೊಮ್ಮೆ ಹಾಡಿದ್ರಾತು" ಅಂದರು. ಎರಡು ತಿಂಗಳ ಮೇಲೆ ಹಾಡಿದರು ಕೂಡ. ಆದರೆ ನಾಲ್ಕೇ ಪದ. ಉಳಿದೆರಡರ ಮೊದಲ ಸಾಲು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಯಾಕೋ ನೆನಪಾಗವಲ್ದವಾ" ಅಂತ ಮೊಮ್ಮಗಳಿಗೆ ಹೇಳಿದರು. ಆ ಎರಡು ಪದ ನಮ್ಮ ಕೈಗೆ ಬಂದು ಜಾರಿ ಹೋದವು.

ಎಲೆಕ್ಟ್ರಾನಿಕ್ಸ್ ಓದುವವರು ಮೂವರು, ಕಂಪ್ಯೂಟರ್ ಸೈನ್ಸ್‌ನವರು ಇಬ್ಬರು ಕೂತು ಮಾಡಿದ ಎಡವಟ್ಟು ಇದು. ನಿಮಗೂ ಆಗಬಾರದು ಅಂತ, ಆಮೇಲೆ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ದನಿಗೆ ಎರಡು ದಾರಿ

ಕಂಪ್ಯೂಟರ್‌ನಲ್ಲಿ ಕೇಳಿಸುತ್ತಿರುವ ದನಿ ಹೇಗೂ ಒಳಗೇ ಇದೆಯಲ್ಲ, ರೆಕಾರ್ಡ್ ಒತ್ತಿದರೆ ಅದು ಸಿಗುತ್ತೆ ಅಂತ ನಾವು ಅಂದುಕೊಂಡಿದ್ದೆವು. ಅದು ಹಾಗಲ್ಲ. ಸೌಂಡ್ ಕಾರ್ಡ್‌ನಲ್ಲಿ ದನಿಗೆ ಎರಡು ದಾರಿಗಳಿವೆ. ಒಂದು ಹೊರಗೆ ಹೋಗುವುದು, ಇನ್ನೊಂದು ಒಳಗೆ ಬರುವುದು.

ಹೊರಗೆ ಹೋಗುವ ದಾರಿ ಹೀಗಿದೆ. ಬ್ರೌಸರ್, ಮೀಟಿಂಗ್ ಆ್ಯಪ್, ಹಾಡು ನುಡಿಸುವ ಪ್ಲೇಯರ್ ಎಲ್ಲವೂ ತಮ್ಮ ತಮ್ಮ ಸ್ಯಾಂಪಲ್‌ಗಳನ್ನು ಆಪರೇಟಿಂಗ್ ಸಿಸ್ಟಮ್‌ನ ಮಿಕ್ಸರ್‌ಗೆ ಕೊಡುತ್ತವೆ. ಮಿಕ್ಸರ್ ಅವನ್ನೆಲ್ಲ ಕೂಡಿಸುತ್ತದೆ. ಕೂಡಿಸುವುದು ಅಂದರೆ ನಿಜವಾಗಿಯೂ ಸಂಖ್ಯೆಗಳ ಸಂಕಲನವೇ. ಕೂಡಿದ್ದು ಡ್ರೈವರ್ ಮೂಲಕ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಚಿಪ್‌ಗೆ, ಅಲ್ಲಿಂದ ಆಂಪ್ಲಿಫೈಯರ್‌ಗೆ, ಅಲ್ಲಿಂದ ಸ್ಪೀಕರ್ ಇಲ್ಲವೇ ಹೆಡ್‌ಫೋನ್‌ಗೆ ಹೋಗುತ್ತದೆ.

ಒಳಗೆ ಬರುವ ದಾರಿ ಇದರ ಉಲ್ಟಾ. ಮೈಕ್‌ನ ಸಣ್ಣ ವೋಲ್ಟೇಜ್ ಪ್ರಿಆಂಪ್‌ನಲ್ಲಿ ದೊಡ್ಡದಾಗಿ, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಾಗಿ, ಡ್ರೈವರ್ ಮೂಲಕ ರೆಕಾರ್ಡ್ ಮಾಡುವ ಆ್ಯಪ್‌ಗೆ ಬರುತ್ತದೆ.

ರೆಕಾರ್ಡ್ ಗುಂಡಿ ಒತ್ತಿದರೆ ಆ್ಯಪ್ ನೋಡುವುದು ಈ ಎರಡನೇ ದಾರಿಯನ್ನು ಮಾತ್ರ. ನಾವು ಹೆಡ್‌ಫೋನ್ ಹಾಕಿದ್ದರಿಂದ ಅಜ್ಜಿಯ ದನಿ ಗಾಳಿಗೂ ಬರಲಿಲ್ಲ, ಮೈಕ್‌ಗೂ ಸಿಗಲಿಲ್ಲ. ಓಡುತ್ತಿದ್ದ ಅಲೆಯ ಗೆರೆ ಫ್ಯಾನಿನದು! ಗೆರೆ ಓಡುತ್ತಿದೆ ಅನ್ನುವುದು ಏನೋ ರೆಕಾರ್ಡ್ ಆಗುತ್ತಿದೆ ಅನ್ನುವುದಕ್ಕಷ್ಟೇ ಸಾಕ್ಷಿ. ಬೇಕಾದದ್ದೇ ಆಗುತ್ತಿದೆ ಅನ್ನುವುದಕ್ಕಲ್ಲ.

ಹಾಗಾದರೆ ಬೇಕಿರುವುದು ಇಷ್ಟು: ಹೊರಗೆ ಹೋಗುವ ದಾರಿಯಿಂದ ಒಂದು ಕವಲು ತೆಗೆದು ಒಳಗೆ ಬರುವ ದಾರಿಗೆ ಸೇರಿಸುವುದು. ಇದಕ್ಕೇ ಲೂಪ್‌ಬ್ಯಾಕ್ ಅನ್ನುತ್ತಾರೆ.

ಕವಲು ತೆಗೆಯಲು ಮೂರು ಜಾಗ

ಮೊದಲನೆಯದು ಗಾಳಿ. ಸ್ಪೀಕರ್ ಜೋರಾಗಿ ಹಾಕಿ ಮುಂದೆ ಫೋನ್ ಹಿಡಿಯುವುದು. ಎಲ್ಲರಿಗೂ ಗೊತ್ತಿರುವ ವಿಧಾನ, ಎಲ್ಲಕ್ಕಿಂತ ಕೆಟ್ಟದ್ದೂ ಇದೇ. ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ನಿಂದ ಕೆಳಸ್ಥಾಯಿಯ ದನಿ ಸರಿಯಾಗಿ ಬರುವುದೇ ಇಲ್ಲ. ಕೋಣೆಯ ಗೋಡೆಗಳ ಪ್ರತಿಧ್ವನಿ, ಪಕ್ಕದ ಮಾತು, ಹೊರಗಿನ ಬೈಕು ಎಲ್ಲ ಸೇರಿಕೊಳ್ಳುತ್ತವೆ. ಬೇರೆ ಏನೂ ಇಲ್ಲದಿದ್ದಾಗ ಮಾತ್ರ ಇದು.

ಎರಡನೆಯದು ತಂತಿ. ಹೆಡ್‌ಫೋನ್ ಜ್ಯಾಕ್‌ನಿಂದ ಇನ್ನೊಂದು ಕಂಪ್ಯೂಟರ್‌ನ ಅಥವಾ ರೆಕಾರ್ಡರ್‌ನ ಲೈನ್-ಇನ್‌ಗೆ 3.5 ಮಿಲಿಮೀಟರ್ ಕೇಬಲ್ ಹಾಕುವುದು. ಇದು ಚೆನ್ನಾಗಿಯೇ ಕೆಲಸ ಮಾಡುತ್ತೆ. ಆದರೆ ಮೈಕ್ ಜ್ಯಾಕ್‌ಗೆ ಹಾಕಬೇಡಿ. ಮೈಕ್ ಜ್ಯಾಕ್ ಕೆಲವೇ ಮಿಲಿವೋಲ್ಟ್‌ಗಾಗಿ ಮಾಡಿದ್ದು, ಹೆಡ್‌ಫೋನ್ ಔಟ್‌ಪುಟ್ ಅದರ ನೂರಾರು ಪಟ್ಟು ಇರಬಹುದು. ದನಿ ಒಡೆದು ಬರುತ್ತದೆ. ಲೈನ್-ಇನ್ ಆದರೂ ಶುರುವಿನಲ್ಲಿ ವಾಲ್ಯೂಮ್ ಕಮ್ಮಿ ಇಟ್ಟು ನಿಧಾನಕ್ಕೆ ಏರಿಸಿ.

ಮೂರನೆಯದು ಕಂಪ್ಯೂಟರ್ ಒಳಗೇ, ದನಿ ಇನ್ನೂ ಸಂಖ್ಯೆಯಾಗಿರುವಾಗಲೇ ಹಿಡಿಯುವುದು. ಗಾಳಿ ಇಲ್ಲ, ತಂತಿ ಇಲ್ಲ, ಅನಲಾಗ್‌ಗೆ ಹೋಗಿ ವಾಪಸ್ ಬರುವ ನಷ್ಟವೂ ಇಲ್ಲ. ನಮಗೆ ಬೇಕಾದ್ದು ಇದೇ.

ವಿಂಡೋಸ್‌ನಲ್ಲಿ

ಹಳೆಯ ಸೌಂಡ್ ಕಾರ್ಡ್‌ಗಳಲ್ಲಿ ಈ ಕವಲು ಕಾರ್ಡ್‌ನಲ್ಲೇ ಇರುತ್ತಿತ್ತು. ಅದರ ಹೆಸರು ಸ್ಟೀರಿಯೋ ಮಿಕ್ಸ್. ಸೌಂಡ್ ಬ್ಲಾಸ್ಟರ್ ಕಾರ್ಡ್‌ಗಳಲ್ಲಿ ಇದನ್ನೇ 'ವಾಟ್ ಯು ಹಿಯರ್' ಅಂತ ಕರೆಯುತ್ತಿದ್ದರು. ಈಗಲೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದೆ, ಆದರೆ ಅಡಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ತೆರೆದು ರೆಕಾರ್ಡಿಂಗ್ ಟ್ಯಾಬ್‌ಗೆ ಹೋಗಿ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, 'ಶೋ ಡಿಸೇಬಲ್ಡ್ ಡಿವೈಸಸ್' ಆರಿಸಿ. ಸ್ಟೀರಿಯೋ ಮಿಕ್ಸ್ ಕಾಣಿಸಿದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಕಾಣಿಸಲಿಲ್ಲ ಅಂದರೆ ನಿಮ್ಮ ಯಂತ್ರದಲ್ಲಿ ಇಲ್ಲ ಅಂತ ಅರ್ಥ, ತಲೆ ಕೆಡಿಸ್ಕೋಬೇಡಿ. ಅದಕ್ಕಿಂತ ಒಳ್ಳೆಯ ದಾರಿ ಇದೆ.

2007ರಲ್ಲಿ ಬಂದ ವಿಂಡೋಸ್ ವಿಸ್ತಾದೊಂದಿಗೆ ಮೈಕ್ರೋಸಾಫ್ಟ್ ವಾಸಾಪಿ ಎಂಬ ಹೊಸ ಆಡಿಯೋ ವ್ಯವಸ್ಥೆ ತಂದಿತು. ಇದರಲ್ಲಿ ಲೂಪ್‌ಬ್ಯಾಕ್ ಸಾಫ್ಟ್‌ವೇರ್‌ನಲ್ಲೇ ಇದೆ, ಕಾರ್ಡ್‌ನ ಹಂಗಿಲ್ಲ. ಆಡಾಸಿಟಿಯಲ್ಲಿ ಮಾಡುವುದು ಹೀಗೆ:

1. ಆಡಿಯೋ ಸೆಟಪ್‌ನಲ್ಲಿ ಹೋಸ್ಟ್ ಅನ್ನು 'ವಿಂಡೋಸ್ ವಾಸಾಪಿ' ಮಾಡಿ.
2. ರೆಕಾರ್ಡಿಂಗ್ ಡಿವೈಸ್‌ನಲ್ಲಿ ಹೆಸರಿನ ಕೊನೆಗೆ 'ಲೂಪ್‌ಬ್ಯಾಕ್' ಎಂದಿರುವುದನ್ನು ಆರಿಸಿ. ನೀವು ಯಾವುದರಲ್ಲಿ ಕೇಳುತ್ತಿದ್ದೀರೋ ಅದರದ್ದೇ ಲೂಪ್‌ಬ್ಯಾಕ್ ಆಗಿರಬೇಕು. ಹೆಡ್‌ಫೋನ್‌ನಲ್ಲಿ ಕೇಳುತ್ತಾ ಮಾನಿಟರ್‌ನ ಲೂಪ್‌ಬ್ಯಾಕ್ ಆರಿಸಿದರೆ ಏನೂ ಸಿಗಲ್ಲ.
3. ಚಾನೆಲ್ ಎರಡು, ಅಂದರೆ ಸ್ಟೀರಿಯೋ.
4. 'ಸಾಫ್ಟ್‌ವೇರ್ ಪ್ಲೇತ್ರೂ' ಆಫ್ ಇದೆಯಾ ನೋಡಿ. ಆನ್ ಇದ್ದರೆ ರೆಕಾರ್ಡ್ ಆದದ್ದೇ ಮತ್ತೆ ಹೊರಗೆ ಹೋಗಿ ಮತ್ತೆ ರೆಕಾರ್ಡ್ ಆಗಿ, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಬರುತ್ತದೆ.
5. ಕೆಂಪು ಗುಂಡಿ ಒತ್ತಿ, ಆಮೇಲೆ ದನಿ ಶುರು ಮಾಡಿ.

ಇಲ್ಲೊಂದು ವಿಚಿತ್ರ ಇದೆ. ಯಾವ ಆ್ಯಪ್ ಕೂಡ ಏನನ್ನೂ ನುಡಿಸದೇ ಇದ್ದಾಗ ವಾಸಾಪಿ ಲೂಪ್‌ಬ್ಯಾಕ್‌ಗೆ ಡೇಟಾ ಬರುವುದೇ ಇಲ್ಲ. ಸೊನ್ನೆಗಳೂ ಬರಲ್ಲ. ಹಾಗಾಗಿ ರೆಕಾರ್ಡಿಂಗ್ ಅಲ್ಲೇ ನಿಂತುಬಿಡುತ್ತದೆ, ದನಿ ಬಂದಾಗ ಮುಂದುವರಿಯುತ್ತದೆ. ನಡುವಿನ ಮೌನ ಮಾಯ. ಮೌನದ ಲೆಕ್ಕವೂ ಬೇಕು ಅನ್ನುವಾಗ ಹಿನ್ನೆಲೆಯಲ್ಲಿ ದನಿಯೇ ಇಲ್ಲದ ಒಂದು ಆಡಿಯೋ ಫೈಲನ್ನು ಓಡಿಸುತ್ತಾ ಇಡಿ. ಆಗ ಸೊನ್ನೆಗಳು ಹರಿಯುತ್ತಿರುತ್ತವೆ.

ಲಿನಕ್ಸ್, ಮ್ಯಾಕ್, ಫೋನ್

ಲಿನಕ್ಸ್‌ನವರು ಅದೃಷ್ಟವಂತರು. ಪಲ್ಸ್‌ಆಡಿಯೋ ಇರಲಿ, ಈಗಿನ ಪೈಪ್‌ವೈರ್ ಇರಲಿ, ಪ್ರತಿ ಔಟ್‌ಪುಟ್‌ಗೂ ಒಂದು 'ಮಾನಿಟರ್' ತಾನಾಗಿಯೇ ಇರುತ್ತದೆ. ಆಡಾಸಿಟಿಯಲ್ಲಿ ರೆಕಾರ್ಡ್ ಶುರು ಮಾಡಿ, 'ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್' ತೆರೆದು, ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಮೈಕ್ ಬದಲು 'ಮಾನಿಟರ್ ಆಫ್' ಎಂದು ಶುರುವಾಗುವ ಹೆಸರನ್ನು ಆರಿಸಿದರೆ ಮುಗೀತು. ರೆಕಾರ್ಡಿಂಗ್ ಓಡುತ್ತಿರುವಾಗ ಮಾತ್ರ ಆ ಟ್ಯಾಬ್‌ನಲ್ಲಿ ಆಡಾಸಿಟಿ ಕಾಣಿಸುತ್ತದೆ. ಇದು ಗೊತ್ತಿಲ್ಲದೆ ನಾವು ಅರ್ಧ ಗಂಟೆ ಹುಡುಕಿದ್ದೇವೆ.

ಮ್ಯಾಕ್‌ನಲ್ಲಿ ಆಡಾಸಿಟಿಗೆ ನೇರವಾಗಿ ಕೊಡುವ ಇಂಥ ಮಾನಿಟರ್ ಇಲ್ಲ. ಬ್ಲ್ಯಾಕ್‌ಹೋಲ್ ಎಂಬ ಉಚಿತ ಡ್ರೈವರ್ ಹಾಕಿಕೊಂಡರೆ ಅದು ಸುಳ್ಳು ಸೌಂಡ್ ಕಾರ್ಡ್ ಥರ ನಿಲ್ಲುತ್ತದೆ. ಒಂದು ಬಾಯಿಂದ ಹಾಕಿದ್ದು ಇನ್ನೊಂದು ಬಾಯಿಂದ ಬರುತ್ತದೆ. ಆದರೆ ಔಟ್‌ಪುಟ್ ಅದಕ್ಕೇ ಕೊಟ್ಟರೆ ನಿಮಗೆ ಏನೂ ಕೇಳಿಸಲ್ಲ. 'ಆಡಿಯೋ ಮಿಡಿ ಸೆಟಪ್'ನಲ್ಲಿ 'ಮಲ್ಟಿ-ಔಟ್‌ಪುಟ್ ಡಿವೈಸ್' ಮಾಡಿ, ಬ್ಲ್ಯಾಕ್‌ಹೋಲ್ ಮತ್ತು ಹೆಡ್‌ಫೋನ್ ಎರಡನ್ನೂ ಅದರಲ್ಲಿ ಸೇರಿಸಬೇಕು.

ಫೋನ್‌ನಲ್ಲೇ ಆಗಲ್ವಾ ಅಂತ ಕೇಳುವವರಿಗೆ: ಆಂಡ್ರಾಯ್ಡ್ 10ರಿಂದ ಈಚೆಗೆ ಒಂದು ಆ್ಯಪ್‌ನ ದನಿಯನ್ನು ಇನ್ನೊಂದು ಆ್ಯಪ್ ಹಿಡಿಯಲು ಅವಕಾಶ ಇದೆ. ಆದರೆ ಅದು ಹಾಡು, ವಿಡಿಯೋ, ಗೇಮ್ ದನಿಗೆ ಮಾತ್ರ. ಕಾಲ್‌ನ ದನಿಯನ್ನು ಅದರ ಹೊರಗಿಟ್ಟಿದ್ದಾರೆ. ಹಾಗಾಗಿ ಸ್ಕ್ರೀನ್ ರೆಕಾರ್ಡರ್ ಹಾಕಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿದರೆ ಚಿತ್ರ ಸಿಕ್ಕಿ ದನಿ ಸಿಗದೇ ಹೋಗಬಹುದು.

ಎರಡೂ ಕಡೆಯ ಮಾತು ಬೇಕಾದರೆ

ಸಂದರ್ಶನ ಮಾಡುವಾಗ ಅವರ ಉತ್ತರ, ನಮ್ಮ ಪ್ರಶ್ನೆ ಎರಡೂ ಬೇಕು. ಲೂಪ್‌ಬ್ಯಾಕ್‌ನಲ್ಲಿ ಅವರ ದನಿ ಮಾತ್ರ ಇರುತ್ತದೆ, ಏಕೆಂದರೆ ನಮ್ಮ ದನಿ ನಮ್ಮ ಸ್ಪೀಕರ್‌ಗೆ ಬರುವುದಿಲ್ಲವಲ್ಲ. ಇದಕ್ಕೆ ಓಬಿಎಸ್ ಸ್ಟುಡಿಯೋ ಒಳ್ಳೆಯದು. ಅದರಲ್ಲಿ ಆರು ಆಡಿಯೋ ಟ್ರ್ಯಾಕ್‌ಗಳವರೆಗೆ ಬೇರೆ ಬೇರೆಯಾಗಿ ಇಡಬಹುದು. ಡೆಸ್ಕ್‌ಟಾಪ್ ಆಡಿಯೋ ಒಂದರಲ್ಲಿ, ನಮ್ಮ ಮೈಕ್ ಇನ್ನೊಂದರಲ್ಲಿ. ಹಾಡಿನ ನಡುವೆ ನಮ್ಮಲ್ಲಿ ಯಾರಾದರೂ ಕೆಮ್ಮಿದರೂ ಹಾಡಿನ ಟ್ರ್ಯಾಕ್‌ಗೆ ಅದು ತಾಗಲ್ಲ. ಫೈಲನ್ನು ಎಂಕೆವಿ ರೂಪದಲ್ಲಿ ಇಡಿ. ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೂ ಅಲ್ಲಿಯವರೆಗಿನದ್ದು ಉಳಿಯುತ್ತದೆ. ಮಾಮೂಲಿ ಎಂಪಿ4 ಆದರೆ ಪೂರ್ತಿ ಫೈಲೇ ತೆರೆಯದೆ ಹೋಗಬಹುದು.

ಸ್ವಲ್ಪ ಲೆಕ್ಕ

ಸ್ಯಾಂಪ್ಲಿಂಗ್ ಥಿಯರಮ್ ಪರೀಕ್ಷೆಗೆ ಓದಿದ್ದೇವೆ, ಇಲ್ಲಿ ಬಳಸೋಣ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಹಾಗಾಗಿ ಸೆಕೆಂಡಿಗೆ 40,000ಕ್ಕಿಂತ ಹೆಚ್ಚು ಸ್ಯಾಂಪಲ್ ಬೇಕು. ಸಿಡಿಯಲ್ಲಿ 44,100, ವಿಡಿಯೋ ಮತ್ತು ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ 48,000. ನಿಮ್ಮ ಸೌಂಡ್ ಕಾರ್ಡ್ ಯಾವುದಕ್ಕೆ ಸೆಟ್ ಆಗಿದೆಯೋ ಪ್ರಾಜೆಕ್ಟ್ ರೇಟ್ ಅನ್ನೂ ಅದಕ್ಕೇ ಇಡಿ. ಸುಮ್ಮನೆ ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಬೇಡ.

48,000 ಸ್ಯಾಂಪಲ್, 16 ಬಿಟ್ ಅಂದರೆ 2 ಬೈಟ್, 2 ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,92,000 ಬೈಟ್, ನಿಮಿಷಕ್ಕೆ ಸುಮಾರು 11.5 ಎಂಬಿ. ಅಜ್ಜಿಯ 40 ನಿಮಿಷಕ್ಕೆ ಸುಮಾರು 460 ಎಂಬಿ. ಅಷ್ಟಕ್ಕೆ ಜಾಗ ಎಲ್ಲರ ಹತ್ತಿರ ಇರುತ್ತದೆ, ಜಿಪುಣತನ ಮಾಡಬೇಡಿ. ಮೂಲ ಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್‌ನಲ್ಲಿ ಇಡಿ. ಫ್ಲ್ಯಾಕ್‌ನಲ್ಲಿ ಗಾತ್ರ ಕಮ್ಮಿಯಾದರೂ ಒಂದು ಬಿಟ್ ಕೂಡ ಕಳೆಯುವುದಿಲ್ಲ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 1 ಎಂಬಿಗಿಂತ ಕಮ್ಮಿ ಆಗುತ್ತೆ ನಿಜ, ಆದರೆ ಕಳೆದದ್ದು ವಾಪಸ್ ಬರಲ್ಲ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಮಾತ್ರ ಮಾಡಿಕೊಳ್ಳಿ.

ಇನ್ನು ಮಟ್ಟ. ಡಿಜಿಟಲ್‌ನಲ್ಲಿ 0 ಡೆಸಿಬಲ್ ಅನ್ನುವುದೇ ಛಾವಣಿ. ಅದಕ್ಕೆ ತಲೆ ತಾಗಿದರೆ ಅಲೆಯ ಮೇಲ್ಭಾಗ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಬೇರೆ ಬೇರೆ ಎತ್ತರದ ಸ್ಯಾಂಪಲ್‌ಗಳೆಲ್ಲ ಒಂದೇ ಸಂಖ್ಯೆಯಾಗಿಬಿಟ್ಟ ಮೇಲೆ ಮೊದಲು ಏನಿತ್ತು ಅಂತ ಯಾವ ಫಿಲ್ಟರ್‌ನಿಂದಲೂ ತಿಳಿಯಲಾಗದು. ಅತಿ ಜೋರಾದ ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದಂತೆ ಇಡಿ. ಅಂದರೆ ಛಾವಣಿಯ ಅರ್ಧ ಎತ್ತರ. ದನಿ ಸಣ್ಣದಾದರೆ ಆಮೇಲೆ ಏರಿಸಬಹುದು, ಒಡೆದರೆ ಏನೂ ಮಾಡಲಾಗುವುದಿಲ್ಲ.

ಕಲ್ಲಿನ ಸದ್ದು ಎಲ್ಲಿ ಹೋಯಿತು?

ಎರಡನೇ ಸಲ ಎಲ್ಲ ಸರಿ ಮಾಡಿಕೊಂಡೇ ಕೂತೆವು. ಅಜ್ಜಿ ಬೀಸುವ ಕಲ್ಲನ್ನೇ ಮುಂದಿಟ್ಟುಕೊಂಡು ಹಾಡಿದರು. ದನಿ ಸ್ವಚ್ಛವಾಗಿ ಬಂತು. ಆದರೆ ಕಲ್ಲು ತಿರುಗುವ ಸದ್ದೇ ಇಲ್ಲ! ಕೈ ತಿರುಗುವುದು ಪರದೆಯಲ್ಲಿ ಕಾಣುತ್ತಿದೆ, ಗರಗರ ಅನ್ನುವ ಸದ್ದು ಮಾತ್ರ ಇಲ್ಲ. ಆ ಪದಗಳಿಗೆ ತಾಳವೇ ಅದು.

ನಮ್ಮ ಲೂಪ್‌ಬ್ಯಾಕ್‌ನಲ್ಲಿ ತಪ್ಪಿರಲಿಲ್ಲ. ಮೀಟಿಂಗ್ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆ ಇರುತ್ತದೆ. ಒಂದೇ ಸಮನೆ ಬರುವ ಸದ್ದು ಗದ್ದಲ, ಮಾತು ಮಾತ್ರ ಬೇಕಾದದ್ದು ಅಂತ ಅದರ ಲೆಕ್ಕ. ಬೀಸುವ ಕಲ್ಲು, ತಂಬೂರಿ, ಶ್ರುತಿಪೆಟ್ಟಿಗೆ ಇವೆಲ್ಲ ಅದಕ್ಕೆ ಫ್ಯಾನಿನ ಹಾಗೇ ಕಾಣುತ್ತವೆ. ಆ ಸದ್ದು ಅಜ್ಜಿಯ ಮನೆಯಲ್ಲೇ, ಅವರ ಫೋನಿನೊಳಗೇ ಅಳಿಸಿ ಹೋಗಿತ್ತು. ನಮ್ಮ ಕಂಪ್ಯೂಟರ್‌ಗೆ ಬಾರದ್ದನ್ನು ನಾವು ರೆಕಾರ್ಡ್ ಮಾಡುವುದು ಹೇಗೆ?

ಇದರಿಂದ ಎರಡು ಪಾಠ ಕಲಿತೆವು. ಒಂದು, ಹಾಡುವವರ ಕಡೆಯ ಆ್ಯಪ್‌ನಲ್ಲಿ ಗದ್ದಲ ತೆಗೆಯುವುದನ್ನು ಆಫ್ ಮಾಡಿಸಬೇಕು. ಸಂಗೀತಕ್ಕೆಂದೇ ಮೂಲ ದನಿಯನ್ನು ಹಾಗೇ ಕಳಿಸುವ ಆಯ್ಕೆ ಹಲವು ಆ್ಯಪ್‌ಗಳಲ್ಲಿದೆ. ಎರಡು, ಅದಕ್ಕಿಂತ ಮುಖ್ಯ: ಅವರ ಕಡೆ ಇನ್ನೊಂದು ಫೋನ್ ಇದ್ದರೆ ಅದನ್ನು ಹತ್ತಿರ ಇಟ್ಟು, ಅಲ್ಲೇ ಮಾಮೂಲಿ ವಾಯ್ಸ್ ರೆಕಾರ್ಡರ್‌ನಲ್ಲಿ ರೆಕಾರ್ಡ್ ಮಾಡಿಸಿ ಫೈಲ್ ತರಿಸಿಕೊಳ್ಳಿ. ನೆಟ್‌ವರ್ಕ್ ಎಷ್ಟೇ ಹಿಂಡಿದರೂ ಆ ಫೈಲಿಗೆ ಏನೂ ಆಗಲ್ಲ. ಲೂಪ್‌ಬ್ಯಾಕ್ ಪ್ರತಿ ನಮ್ಮ ಕೈಯಲ್ಲಿರುವ ಎರಡನೇ ಕಾವಲು. ಅಜ್ಜಿಯ ಮನೆಗೆ ಪಕ್ಕದ ಮನೆ ಹುಡುಗ ಬಂದು ಫೋನ್ ಇಟ್ಟು ಕೂತ. ಮೂರನೇ ಸಲ ಕಲ್ಲು ಕೇಳಿಸಿತು.

ಬ್ಲೂಟೂತ್ ಬಗ್ಗೆಯೂ ಒಂದು ಮಾತು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಬಳಸಿದ ಕೂಡಲೇ ಅದು ಸಾಮಾನ್ಯವಾಗಿ ಕಾಲ್ ಮೋಡ್‌ಗೆ ಇಳಿದು, ಕೇಳುವ ದನಿಯೂ ಮೋನೋ ಆಗಿ ಮಂಕಾಗುತ್ತದೆ. ರೆಕಾರ್ಡ್ ಮಾಡುವ ದಿನ ತಂತಿಯ ಇಯರ್‌ಫೋನ್ ಬಳಸಿ.

ಲ್ಯಾಬ್‌ನಲ್ಲಿ ಮಾಡಿ ನೋಡಿ

ಲೂಪ್‌ಬ್ಯಾಕ್ ನಿಜವಾಗಿಯೂ ಇದ್ದದ್ದನ್ನು ಇದ್ದ ಹಾಗೆ ಹಿಡಿಯುತ್ತಾ ಅಂತ ಪರೀಕ್ಷಿಸಬಹುದು. ಒಂದು ವೇವ್ ಫೈಲನ್ನು ಪ್ಲೇಯರ್‌ನಲ್ಲಿ ಪೂರ್ತಿ ವಾಲ್ಯೂಮ್‌ಗೆ ಇಟ್ಟು ನುಡಿಸಿ, ಲೂಪ್‌ಬ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ. ಸೌಂಡ್ ಎಫೆಕ್ಟ್‌ಗಳು ಆಫ್ ಇರಲಿ. ಮೂಲ ಫೈಲನ್ನೂ ಅದೇ ಪ್ರಾಜೆಕ್ಟ್‌ಗೆ ತನ್ನಿ. ಜೂಮ್ ಮಾಡಿ ಎರಡನ್ನೂ ಒಂದು ಸ್ಯಾಂಪಲ್ ಕೂಡ ಆಚೀಚೆ ಆಗದಂತೆ ಜೋಡಿಸಿ. ಈಗ ಒಂದನ್ನು 'ಇನ್ವರ್ಟ್' ಮಾಡಿ, ಅಂದರೆ ಮೈನಸ್ 1ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಎರಡೂ ಒಂದೇ ಆಗಿದ್ದರೆ ಉಳಿಯುವುದು ಮೌನ, ಇಲ್ಲವೇ ಮೌನಕ್ಕೆ ಬಹಳ ಹತ್ತಿರದ್ದು. ಇದನ್ನೇ ಫೋನ್ ಹಿಡಿದು ಮಾಡಿದ ರೆಕಾರ್ಡಿಂಗ್ ಜೊತೆ ಮಾಡಿ ನೋಡಿ. ಗಾಳಿಯಲ್ಲಿ ದನಿಗೆ ಏನೆಲ್ಲ ಆಗುತ್ತದೆ ಅಂತ ಕಿವಿಯಾರೆ ಗೊತ್ತಾಗುತ್ತೆ.

ಕೇಳಿ ಹಿಡಿಯಿರಿ

ಹಿಡಿಯಲು ಆಗುತ್ತದೆ ಅಂದಮಾತ್ರಕ್ಕೆ ಎಲ್ಲವನ್ನೂ ಹಿಡಿಯಬಾರದು. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಸ್ವಂತ ಉಪಯೋಗ, ಸಂಶೋಧನೆ, ವಿಮರ್ಶೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ಸಿನಿಮಾ ಹಾಡು ರೆಕಾರ್ಡ್ ಮಾಡಿ ನಿಮ್ಮ ಚಾನೆಲ್‌ಗೆ ಹಾಕುವುದು ಅದರಲ್ಲಿ ಬರಲ್ಲ. ಅದೇ ಕಾಯಿದೆಯ 38ನೇ ಸೆಕ್ಷನ್ ಪ್ರಕಾರ ಹಾಡುವವರಿಗೂ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕಿದೆ. ದೊಡ್ಡ ಗಾಯಕರಿಗೆ ಮಾತ್ರ ಅಂತ ಅದರಲ್ಲಿ ಬರೆದಿಲ್ಲ. ಅಜ್ಜಿಗೂ ಇದೆ. ರೆಕಾರ್ಡ್ ಮಾಡುತ್ತೇವೆ, ಇಂಥ ಕಡೆ ಹಾಕುತ್ತೇವೆ, ಆಗಬಹುದಾ ಅಂತ ಮೊದಲೇ ಕೇಳಿ. ಒಪ್ಪಿದ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿ. ಪ್ರೊಫೆಸರ್ ಕ್ಲಾಸ್ ಆದರೂ, ಗೆಳೆಯನ ಕಾಲ್ ಆದರೂ ಇದೇ ನಿಯಮ.

ಶುರು ಮಾಡುವ ಮುಂಚೆ

ಸಂಘದ ಕೋಣೆಯ ಗೋಡೆಗೆ ನಾವು ಅಂಟಿಸಿರುವ ಚೀಟಿಯಲ್ಲಿ ಇಷ್ಟಿದೆ:

- ಒಪ್ಪಿಗೆ ಕೇಳಿದಿರಾ?
- ನೋಟಿಫಿಕೇಶನ್, ಬೇರೆ ಟ್ಯಾಬ್ ಎಲ್ಲ ಬಂದ್ ಆಗಿವೆಯಾ? ಮಿಕ್ಸರ್ ಎಲ್ಲವನ್ನೂ ಕೂಡಿಸುತ್ತದೆ, ಮೆಸೇಜಿನ ಟಿಂಗ್ ಕೂಡ.
- ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದೆಯಾ? ಡಿಸ್ಕ್‌ನಲ್ಲಿ ಜಾಗ ಇದೆಯಾ?
- ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಹಾಕಿ ಕೇಳಿದಿರಾ? ನೋಡಿದರೆ ಸಾಲದು, ಕೇಳಬೇಕು.
- ಅವರ ಕಡೆಯೂ ಒಂದು ಫೋನ್ ರೆಕಾರ್ಡ್ ಮಾಡುತ್ತಿದೆಯಾ?
- ಮುಗಿದ ಕೂಡಲೇ ಸೇವ್ ಮಾಡಿ, ಹೆಸರು, ಊರು, ತಾರೀಕು ಬರೆದು ಎರಡು ಬೇರೆ ಕಡೆ ಇಟ್ಟಿರಾ?

ನಾಲ್ಕನೆಯ ಸಾಲಿಗೆ ನಾವು ಕೆಂಪು ಗೆರೆ ಎಳೆದಿದ್ದೇವೆ. ಆ ಒಂದು ನಿಮಿಷವನ್ನು ಅವತ್ತು ಕೊಟ್ಟಿದ್ದರೆ ಆರು ಪದವೂ ನಮ್ಮ ಹತ್ತಿರ ಇರುತ್ತಿದ್ದವು.

ಈಗ ನಾಲ್ಕು ಪದ ಇವೆ, ಕಲ್ಲಿನ ಸದ್ದಿನ ಸಮೇತ. ಪ್ರತಿ ಸಲ ಕಾಲ್ ಮಾಡಿದಾಗಲೂ ಉಳಿದೆರಡು ನೆನಪಾದವಾ ಅಂತ ಮೊಮ್ಮಗಳು ಕೇಳುತ್ತಾಳೆ, ರೆಕಾರ್ಡಿಂಗ್ ಮಾತ್ರ ಮೊದಲೇ ಶುರು ಮಾಡಿರುತ್ತಾಳೆ. ಅದು ಅಜ್ಜಿಗೂ ಗೊತ್ತು. ನಿಮ್ಮ ಮನೆಯಲ್ಲೂ ಹಾಡುವವರು, ಕಥೆ ಹೇಳುವವರು ಇರಬಹುದು. ರಜೆಗೆ ಊರಿಗೆ ಹೋದಾಗ ನೋಡೋಣ ಅಂತ ಮುಂದೂಡಬೇಡಿ. ಈ ಭಾನುವಾರವೇ ಒಂದು ಕಾಲ್ ಮಾಡಿ.